ಒಂಬತ್ತು ನಂಬರಿನವನ ಊರು

ಅವನ ಕಾಲಿನ ಹೆಬ್ಬೆರಳುಗಳು ಉಳಿದ ನಾಲ್ಕು ಬೆರಳುಗಳ ಸಂಗಡ ಮಾತು ಬಿಟ್ಟಂತೆ ಬೇರೆಯೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಕಾರ್ಖಾನೆಯ ಸ್ಟೋರಿನಿಂದ ಕೊಟ್ಟ ಬೂಟು ಒಂದೂ ಆ ಪಾದಕ್ಕೆ ಹಿಡಿಸಲಿಲ್ಲ. ಬಂದ ಮೊದಲ ದಿನ ಮೈದಾನದ ಅಂಚಿನಲ್ಲಿ ಕೂತು, ಹೊಸ ಕ್ಯಾನ್ವಾಸ್ ಬೂಟಿನ ಒಳಮಗ್ಗುಲನ್ನು ಕುಡುಗೋಲಿನಿಂದ ಸೀಳಿ, ಹೆಬ್ಬೆರಳನ್ನು ಹೊರಗೆ ಬಿಟ್ಟುಕೊಂಡು, ಎದ್ದು ನಿಂತು ನೆಲವನ್ನೊಮ್ಮೆ ಒದ್ದು ನೋಡಿದ. ನಾವೆಲ್ಲ ನಕ್ಕೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಉಳಿದವರು ಚಪ್ಪಾಳೆ ತಟ್ಟತೊಡಗಿದರು, ನಾನೊಬ್ಬ ಸುಮ್ಮನಾದೆ. ಆ ಹೊರಬಿದ್ದ ಬೆರಳಿನಿಂದ ಅವನು ಚೆಂಡನ್ನು ಸವರಿ ತಿರುವುತ್ತಿದ್ದ ರೀತಿ ನೋಡಿದಾಗಲೇ ನನ್ನ ಕಥೆ ಮುಗಿಯಿತೆಂದು ನನಗೆ ಗೊತ್ತಾಗಿತ್ತು.

ನಮ್ಮದು ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಫುಟ್‌ಬಾಲ್ ತಂಡ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿರಗುಪ್ಪಿಯ ಜೈನರ ಹುಡುಗ, ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗುವ ಕಾರಕೂನ. ಆದರೆ ಯಾರಾದರೂ ಏನು ಮಾಡುತ್ತೀ ಎಂದು ಕೇಳಿದರೆ ಸೆಂಟರ್ ಫಾರ್ವರ್ಡ್ ಎಂದೇ ಹೇಳುತ್ತಿದ್ದೆ. ಬೆನ್ನ ಮೇಲೆ ಒಂಬತ್ತು ನಂಬರಿತ್ತು. ಅವನು ಬಂದ ತಿಂಗಳೊಳಗೆ ಆ ನಂಬರು ಅವನ ಬೆನ್ನಿಗೆ ಹೋಯಿತು, ನಾನು ಬೆಂಚಿಗೆ ಹೋದೆ. ಅವನಿಗೆ ಒಳ್ಳೆಯ ಹೆಸರೊಂದಿತ್ತು. ನನ್ನ ಬಾಯಲ್ಲಿ ಮಾತ್ರ ಅವನು ಅಂದಿನಿಂದ ಒಂಬತ್ತು ನಂಬರಿನವನೇ. ಕಸಿದುಕೊಂಡವನ ಹೆಸರನ್ನು ಯಾರು ಪ್ರೀತಿಯಿಂದ ಕರೆಯುತ್ತಾರೆ ಹೇಳಿ.

ಅವನು ಸಿದ್ದಿಯರವನು. ಯಾವುದೋ ಕಾಲಕ್ಕೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಜನರ ಮಕ್ಕಳ ಮಕ್ಕಳು ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಊರು ಕಟ್ಟಿಕೊಂಡು ಎಷ್ಟೋ ತಲೆಮಾರು ಕಳೆದಿದ್ದಾರೆ. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಗುಂಗುರು ಕೂದಲು, ಕರ್ರಗಿನ ಮೈ ನೋಡಿದ್ದೇ ಜನ ತಮಗೆ ತಾವೇ ಒಂದು ಕಥೆ ಕಟ್ಟಿಕೊಳ್ಳುತ್ತಿದ್ದರು.

ನಮ್ಮಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು "ಯಾವೂರ್ರಿ?" ಎಂದು. ಊರು ಹೇಳಿದರೆ ಸಾಕು, ಅಲ್ಲೊಬ್ಬ ಬೀಗ, ಹಿಂದೆಂದೋ ಅಲ್ಲಿಂದ ತಂದ ಒಂದು ಎಮ್ಮೆ, ಏನಾದರೂ ನೆನಪಾಗಿ ಚಹಾ ಬರುತ್ತದೆ. ಅವನಿಗೆ ಮಾತ್ರ ಎಲ್ಲರೂ ಕೇಳುತ್ತಿದ್ದುದು "ಯಾವ ದೇಶ?" ಎಂದು. ಅವನು ಬೇಸರವಿಲ್ಲದೆ ಹೇಳುತ್ತಿದ್ದ: "ಜೇನಕೊಪ್ಪರಿ. ಹಳಿಯಾಳ ತಾಲೂಕ."

"ಅದಲ್ಲೋ. ಅದಕ್ಕೂ ಮೊದ್ಲ?"

"ಅದಕ್ಕೂ ಮೊದ್ಲ ನಮ್ಮವ್ವನ ಹೊಟ್ಟ್ಯಾಗಿದ್ನಿರಿ."

ಕೇಳಿದವನೂ ನಗುತ್ತಿದ್ದ, ಇವನೂ ನಗುತ್ತಿದ್ದ. ನಕ್ಕು ಮುಗಿದ ಮೇಲೆ ಇವನ ಮುಖದಲ್ಲಿ ಒಂದು ಗಳಿಗೆ ಏನೂ ಇರುತ್ತಿರಲಿಲ್ಲ. ಅದನ್ನು ನಾನು ಗಮನಿಸುತ್ತಿದ್ದೆ. ಹೊಟ್ಟೆಕಿಚ್ಚಿನವನ ಕಣ್ಣು ತಾಯಿಯ ಕಣ್ಣಿಗಿಂತ ಚುರುಕು, ಏನನ್ನೂ ಬಿಡುವುದಿಲ್ಲ.

ಮೈದಾನದಲ್ಲಿ ಕಸಿದದ್ದು ಸಾಲದೆಂದು ಅವನು ನಮ್ಮ ಮನೆಗೂ ಬಂದ. ತಂಡದವರನ್ನೆಲ್ಲ ಒಂದು ದಿನ ಊಟಕ್ಕೆ ಕರೆದಿದ್ದೆ. ನಮ್ಮವ್ವ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವಳು, ಉಳ್ಳಾಗಡ್ಡಿ ಬೆಳ್ಳುಳ್ಳಿಯನ್ನು ಮನೆಯೊಳಗೆ ಬಿಡದವಳು. ಪಡಸಾಲೆಯಲ್ಲಿ ಎಲ್ಲರಿಗೂ ತಾಟು ಹಾಕಿ, ಒಂದೇ ಮಾತು ಕೇಳಿದಳು: "ಇವತ್ತ ಯಾರೂ ಮಾಂಸಾ ಗೀಂಸಾ ತಿಂದ ಬಂದಿಲ್ಲಲ್ರೆಪಾ?" ನಮ್ಮ ಗೋಲ್‌ಕೀಪರ್ ಮಧ್ಯಾಹ್ನವಷ್ಟೇ ಕೋಳಿ ಮುರಿದಿದ್ದ. ನಾನೂ ಹಿಂದಿನ ದಿನ ಮಿರಜದ ಸ್ಟೇಶನ್ನಿನ ಹೊರಗೆ ಆಮ್ಲೆಟ್ ಹೊಡೆದಿದ್ದೆ, ಅದು ನನ್ನ ಗುಟ್ಟಿನ ಚಟ. ಎಲ್ಲರೂ ತಾಟು ನೋಡುತ್ತ ಕೂತೆವು. ಒಂಬತ್ತು ನಂಬರಿನವ ಎದ್ದು ನಿಂತ.

"ನಾ ಮೀನಾ ತಿಂದೇನ್ರಿ ಅವ್ವಾರ. ಕಟ್ಟಿ ಮ್ಯಾಲ ಕುಂದರ್ತೀನಿ, ಮಜ್ಜಿಗಿ ಕೊಡ್ರಿ ಸಾಕು."

ಅವ್ವ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅದೇ ತಾಟನ್ನು ಕಟ್ಟೆಯ ಮೇಲೆ ತಾನೇ ಒಯ್ದಿಟ್ಟು, ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು. ಎಷ್ಟು ತುಪ್ಪ ಅಂತೀರಿ! ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಉಣ್ಣುತ್ತಿದ್ದೆ, ನನ್ನ ಹೋಳಿಗೆ ಎಂದೂ ಹಾಗೆ ತೇಲಿರಲಿಲ್ಲ. ಅಂದಿನಿಂದ ನಾನು ಏನು ತಪ್ಪು ಮಾಡಿದರೂ ಅವ್ವನ ಬಾಯಲ್ಲಿ ಒಂದೇ ಪಾಠ: "ಆ ತಮ್ಮನ್ನ ನೋಡಿ ಕಲಿ. ಖರೇ ಮಾತಾಡ್ತದ ಹುಡುಗ." ಆಮ್ಲೆಟ್ಟಿನ ವಿಷಯ ಅವಳಿಗೆ ಹೇಗೆ ಗೊತ್ತಾಗಿತ್ತೋ, ಆ ಭಗವಂತನೇ ಬಲ್ಲ.

ಅವನಲ್ಲೊಂದು ಅಭ್ಯಾಸವಿತ್ತು. ಆಟದಲ್ಲಿ ಎದುರಿನವರು ಬೈದರೆ ತಿರುಗಿ ಬೈಯುತ್ತಿರಲಿಲ್ಲ. ಹತ್ತಿರ ಹೋಗಿ, ಕಿವಿ ಮುಂದೆ ಮಾಡಿ, ಮರ್ಯಾದೆಯಿಂದ "ಏನಂದ್ರಿ? ಕೇಳ್ಸಲಿಲ್ಲ" ಎನ್ನುತ್ತಿದ್ದ. ಬೈದವನು ಮತ್ತೊಮ್ಮೆ ಬೈಯಬೇಕು. ಇವನು ಮತ್ತೆ "ಆಂ? ಏನಂದ್ರಿ?" ಎನ್ನುತ್ತಿದ್ದ. ಎರಡನೆಯ ಸಲಕ್ಕೇ ಹೆಚ್ಚಿನವರ ಬಾಯಿ ಒಣಗುತ್ತಿತ್ತು. ಹೊಲಸು ಮಾತನ್ನು ಒಮ್ಮೆ ಒದರುವುದು ಸುಲಭ, ಶಾಂತವಾಗಿ ನಿಂತು ಇನ್ನೊಮ್ಮೆ ಹೇಳುವುದು ಕಷ್ಟ. ನಾನಾಗಿದ್ದರೆ ಕಾಲರ್ ಹಿಡಿದು ಮೈದಾನದಿಂದ ಹೊರಬೀಳುತ್ತಿದ್ದೆ, ಎಷ್ಟೋ ಸಲ ಬಿದ್ದೂ ಇದ್ದೆ. ಅವನ ಆ ತಾಳ್ಮೆಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಇರಲಿ.

ಬೇಸಿಗೆಯಲ್ಲಿ ಕಬ್ಬು ಅರೆಯುವ ಸೀಜನ್ ಮುಗಿದು ಕಾರ್ಖಾನೆ ನಿಂತ ಮೇಲೆ ನಿಪ್ಪಾಣಿಯಲ್ಲಿ ದೊಡ್ಡ ಟೂರ್ನಮೆಂಟು. ಗಡಿಯಾಚೆಯ ತಂಡಗಳೂ ಬರುತ್ತಿದ್ದವು. ಊರೊಳಗೆ ಕಾಲಿಟ್ಟರೆ ತಂಬಾಕಿನ ಘಾಟಿಗೆ ನಾವು ಸೀನುತ್ತಿದ್ದೆವು, ಅಲ್ಲಿಯವರು ನಗುತ್ತಿದ್ದರು. ಆ ಸಲ ನಮ್ಮ ತಂಡವನ್ನು ನೋಡಿಕೊಳ್ಳುತ್ತಿದ್ದ ಲೇಬರ್ ಆಫೀಸರ್ ಸಾಹೇಬರಿಗೆ ಒಂದು ಐಡಿಯಾ ಹೊಳೆದಿತ್ತು. ಕೇಳದೆ ಹೇಳದೆ ಟೂರ್ನಮೆಂಟಿನ ಕಮಿಟಿಯವರಿಗೆ ಮಾತು ಮುಟ್ಟಿಸಿಬಿಟ್ಟಿದ್ದರು. ನಾವು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಧ್ವನಿವರ್ಧಕದ ಭೋಂಗಾ ಕಟ್ಟಿದ ರಿಕ್ಷಾ ಒಂದು ಒದರುತ್ತ ಹೋಗುತ್ತಿತ್ತು: ಈ ವರ್ಷದ ಖಾಸ್ ಆಕರ್ಷಣೆ, ನೇರ ಆಫ್ರಿಕಾದಿಂದ ಬಂದ ಆಟಗಾರ.

ನಾವು ಸುತ್ತ ನೋಡಿದೆವು. ಯಾವ ತಂಡಕ್ಕೆ ಬಂದಿದ್ದಾನಪ್ಪ ಆಫ್ರಿಕಾದವನು ಎಂದು ಎಲ್ಲರಿಗಿಂತ ಮೊದಲು ಕೇಳಿದವನು ಒಂಬತ್ತು ನಂಬರಿನವನೇ.

ಸೆಮಿಫೈನಲ್ಲಿಗೆ ಜನವೋ ಜನ. ನಿಪ್ಪಾಣಿಯ ಒಬ್ಬ ಬಟ್ಟೆ ಅಂಗಡಿಯವರು ಮೈಕು ಹಿಡಿದಿದ್ದರು. ಒಳ್ಳೆಯ ಮನುಷ್ಯ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಆಟವನ್ನು ಕುಣಿಸಿಬಿಡುತ್ತಿದ್ದರು. ಪ್ರತಿಯೊಬ್ಬರಿಗೂ ಅವರ ಊರು ಸೇರಿಸಿ ಒಂದು ಬಿರುದು. ಹಿಂದಿನ ವರ್ಷ ನನ್ನನ್ನು "ಶಿರಗುಪ್ಪಿಚಾ ಘೋಡಾ", ಶಿರಗುಪ್ಪಿಯ ಕುದುರೆ ಎಂದಿದ್ದರು. ಅದನ್ನು ನಾನು ಒಂದು ವರ್ಷ ಬಿಡದೆ ಮೆಲುಕು ಹಾಕಿದ್ದೆ. ಈಗ ಒಂಬತ್ತು ನಂಬರಿನವನ ಕಾಲಿಗೆ ಚೆಂಡು ಸಿಕ್ಕ ಕೂಡಲೇ ಭೋಂಗಾ ಹರಿಯುವ ಹಾಗೆ ಕೂಗಿದರು: "ಆಲಾ ಆಲಾ, ಆಫ್ರಿಕೇಚಾ ಕಾಳಾ ವಾಘ ಆಲಾ!" ಆಫ್ರಿಕಾದ ಕರಿ ಹುಲಿಯಂತೆ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಬೇವಿನ ಮರದ ಮೇಲೆ ಕೂತಿದ್ದ ಪಡ್ಡೆಗಳು ಮಂಗನ ಹಾಗೆ ಒದರಿದರು. ಬಾಳೆಹಣ್ಣಿನ ಸಿಪ್ಪೆಗಳು ಬಂದು ಬಿದ್ದವು. ಎದುರಿನ ಬ್ಯಾಕ್ ಆಟಗಾರ ಮೈಗೆ ಮೈ ತಾಗಿದಾಗಲೆಲ್ಲ "ಹಬಶಿ" ಎಂದು ಬಣ್ಣ ಹಿಡಿದು ಹಂಗಿಸುತ್ತಿದ್ದುದು ಬೆಂಚಿನವರೆಗೂ ಕೇಳುತ್ತಿತ್ತು, ರೆಫರಿಗೆ ಮಾತ್ರ ಕೇಳುತ್ತಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ನನ್ನಂಥವನನ್ನು ಬೆಂಚಿಗೆ ಕೂರಿಸಿದ ಆಟಗಾರ ಅವನು. ಅವನನ್ನು ಈ ಖೋಡಿಗಳು ಮಂಗ ಎಂದರೆ ನನ್ನನ್ನು ಏನೆಂದಂತಾಯಿತು? ಜೊತೆಗೆ ಅವನಿಗೆ ಹುಲಿ, ನನಗೆ ಬರೀ ಕುದುರೆ ಎಂಬುದೂ ಒಳಗೆ ಚುಚ್ಚುತ್ತಿತ್ತು. ಗೆದ್ದು ಹೊರಬಂದ ಮೇಲೆ ನೀರಿನ ನಳದ ಹತ್ತಿರ ಅದನ್ನು ಬಾಯಿಬಿಟ್ಟು ಅಂದೇಬಿಟ್ಟೆ: "ನಿಂದ ಬಿಡಪಾ, ಹುಲಿ ಆಗೀದಿ."

ಅವನು ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದವನು ನಿಂತ. "ಅಣ್ಣಾ, ಹುಲಿ ನೀ ತಗೋ. ನನಗ ನಿನ್ನಂಗ ಒಂದ ಊರು ಕೊಡ್ಸು."

ಅಲ್ಲಿಂದ ನೇರ ಮೈಕಿನವರ ಮೇಜಿಗೆ ಹೋದ. ನಾನೂ ಹಿಂದೆ ಹೋದೆ, ಏನಾಗುತ್ತದೆ ನೋಡೋಣವೆಂದು. "ಸಾವಕಾರ್ರ, ಎಲ್ಲಾರಿಗೂ ಅವರವರ ಊರ ಹೇಳ್ತೀರಿ. ನಂದೂ ಹೇಳ್ರಿ. ಜೇನಕೊಪ್ಪ, ಹಳಿಯಾಳ ತಾಲೂಕ. ಬಿರುದು ಬ್ಯಾಡ್ರಿ."

ಮೈಕಿನವರು ಬಾಯಿ ತೆರೆದುಕೊಂಡೇ ಕೂತರು. "ಅರೇಚ್ಚಾ, ಇಂವಗ ಕನ್ನಡಾ ಬರ್ತದಲ್ಲೋ!"

ಅಷ್ಟರಲ್ಲಿ ಸಾಹೇಬರು ಬಂದು ಅವನ ರಟ್ಟೆ ಹಿಡಿದು ಈಚೆ ಎಳೆದರು. "ಹುಚ್ಚ ಅದೀಯೇನಲೇ? ಮಂದಿ ನಿನ್ನ ನೋಡಾಕ ಬರಾಕತ್ತಾರ. ಹೊಗಳಿದ್ರ ಸಿಟ್ಟ್ಯಾಕ? ಫೈನಲ್ ಒಂದ ಮುಗೀಲಿ, ಅಲ್ಲೀತನಾ ಕನ್ನಡಾ ಮಾತಾಡಬ್ಯಾಡ. ಬರೂ ಸೀಜನ್ನಿಗೆ ನಿನ್ನ ಬಾಯ್ಲರ್ ಖಾತೆದಾಗ ಪರ್ಮನೆಂಟ್ ಮಾಡೂದು ನಂದು."

ಪರ್ಮನೆಂಟ್ ಎಂಬ ಶಬ್ದಕ್ಕೆ ಆ ಕಾಲದಲ್ಲಿ ನಮ್ಮ ಕಡೆ ಎಷ್ಟು ತೂಕವಿತ್ತೆಂದರೆ, ಅದೊಂದರ ಮೇಲೆ ಹೆಣ್ಣು ಕೊಡುತ್ತಿದ್ದರು. ಅವನಿಗೂ ಊರಲ್ಲಿ ಒಂದು ಹೆಣ್ಣು ನೋಡಿಟ್ಟಿದ್ದರು. ಅವನು ರಟ್ಟೆ ಬಿಡಿಸಿಕೊಂಡು ಬಂದ. ಆಮೇಲೆ ನನ್ನ ಪಕ್ಕ ಕೂತು ಬೂಟಿನ ದಾರ ಬಿಚ್ಚುತ್ತ ಹೇಳಿದ: "ನೌಕರಿ ಸಿಕ್ಕೀತಣ್ಣಾ. ಆದ್ರ ನಾಳಿ ಕಾರ್ಖಾನ್ಯಾಗೂ ಆಫ್ರಿಕಾದವ ಆಗೇ ಇರಬೇಕಲ್ಲ. ಮಗಾ ಹುಟ್ಟಿದ್ರ ಅದಕ್ಕೂ ಯಾವ ದೇಶಾ ಅಂತಾರ."

ಫೈನಲ್ಲಿನ ದಿನ ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿದರು. ಎದುರಿಗೆ ಗಡಿಯಾಚೆಯ ಬಲವಾದ ತಂಡ. ಮೈಕಿನವರು ನಂಬರು, ಹೆಸರು, ಊರು ಹೇಳುವುದು, ಹೇಳಿಸಿಕೊಂಡವನು ಒಂದು ಹೆಜ್ಜೆ ಮುಂದೆ ಬಂದು ಜನಕ್ಕೆ ಕೈ ಮುಗಿಯುವುದು, ಹೀಗೆ ಅಲ್ಲಿನ ಪದ್ಧತಿ. ಸದಲಗಾ ಬಂತು, ಐಗಳಿ ಬಂತು, ರಾಯಬಾಗ ಬಂತು. ಒಂಬತ್ತರ ಸರದಿ ಬಂದಾಗ "ನಂಬರ್ ನೌ! ಆಫ್ರಿಕಾ!" ಎಂದರು.

ಅವನು ಮುಂದೆ ಬರಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದರು. ಅವನು ಇದ್ದಲ್ಲೇ ನಿಂತು, ಮೈಕಿನ ಕಡೆ ನೋಡುತ್ತ, ಕಿವಿ ಸ್ವಲ್ಪ ಮುಂದೆ ಮಾಡಿದ. ಸಾಹೇಬರು ಗೆರೆಯ ಹೊರಗಿನಿಂದ ಹಲ್ಲು ಕಡಿಯುತ್ತ ಏನೋ ಅಂದರು. ಜನ ಗದ್ದಲ ಶುರು ಮಾಡಿದರು. ಮೂರನೆಯ ಸಲವೂ ಆಫ್ರಿಕಾ ಎಂದು ಕೇಳಿದ ಮೇಲೆ ಅವನು ಅಂಗಿ ತೆಗೆದ. ಅವಸರವಿಲ್ಲದೆ, ಮಡಿಕೆ ಮಾಡಿ, ಬೆಂಚಿನ ಹತ್ತಿರ ಬಂದು ನನ್ನ ಮುಂದೆ ಹಿಡಿದ.

"ತಗೋ ಅಣ್ಣಾ. ನಿನಗ ಊರೈತಿ. ನೀ ಆಡು."

ಅದಕ್ಕಾಗಿ ನಾನು ಎಷ್ಟು ಹಂಬಲಿಸಿದ್ದೆ ಅಂತೀರಿ. ಅವನ ಕಾಲು ಉಳುಕಲಿ, ಜ್ವರ ಬರಲಿ, ಊರಿಂದ ಕರೆ ಬರಲಿ ಎಂದು ಬಸದಿಯಲ್ಲಿ ಕಣ್ಣು ಮುಚ್ಚಿದಾಗಲೂ ಬೇಡಿದ್ದಿದೆ. ಈಗ ಫೈನಲ್ಲಿನ ದಿನ, ಅಷ್ಟು ಜನರ ಎದುರು, ಅಂಗಿ ತಾನಾಗಿ ಕೈಗೆ ಬರುತ್ತಿದೆ. ಸಾಹೇಬರು "ಹಾಕ್ಕೋಲೇ, ಹಾಕ್ಕೋ ಲಗೂನ" ಎಂದು ನನ್ನನ್ನು ಎಬ್ಬಿಸುತ್ತಿದ್ದಾರೆ. ಅವನ ಕೈಯಲ್ಲಿದ್ದ ಆ ಒಂಬತ್ತನ್ನು ನೋಡಿದೆ. ಯಾವ ಭೂತ ಹೊಕ್ಕಿತೋ, ಮೈಕಿನ ಮೇಜಿಗೂ ಕೇಳುವ ಹಾಗೆ ಒದರಿಬಿಟ್ಟೆ.

"ನಾ ಕಸಗೊಂಡ ಹಾಕ್ಕೊಳ್ಳಾಂವ. ಕೊಟ್ಟಿದ್ದ ಹಾಕ್ಕೊಳ್ಳಾಂವಲ್ಲ. ಮೊದ್ಲ ಅಂವ ಆಡ್ಲಿ, ಆಮ್ಯಾಲ ನಾ ನೋಡ್ಕೋತೀನಿ."

ಸಾಹೇಬರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. ಮೈದಾನದಲ್ಲಿ ನಮ್ಮವರು ಹತ್ತೇ ಜನ ನಿಂತಿದ್ದರು, ನಮ್ಮಲ್ಲಿ ಬೇರೆ ಫಾರ್ವರ್ಡ್ ಇರಲಿಲ್ಲ. ರೆಫರಿ ಗಡಿಯಾರ ನೋಡತೊಡಗಿದ. ಆಗ ಎದುರಿನ ತಂಡದ ಕ್ಯಾಪ್ಟನ್, ಗಿಡ್ಡಗೆ ಬಲವಾಗಿದ್ದ ಮನುಷ್ಯ, ಸಾಲು ಬಿಟ್ಟು ಮೈಕಿನ ಮೇಜಿಗೆ ಹೋದ. ಹತ್ತು ಜನರನ್ನು ಸೋಲಿಸಿ ಕಪ್ ಒಯ್ದರೆ ಅವನ ಊರಲ್ಲಿ ಅವನಿಗೆ ಮರ್ಯಾದೆ ಉಳಿಯುತ್ತಿರಲಿಲ್ಲ.

"ಅಹೋ, ತ್ಯಾಚಂ ಗಾಂವ ಸಾಂಗಾ ಕೀ. ತುಮಚಂ ಕಾಯ ಜಾತಂಯ?" ಎಂದ. ಅವನ ಊರು ಹೇಳಿಬಿಡಿ, ನಿಮ್ಮ ಗಂಟೇನು ಹೋಗುತ್ತದೆ ಎಂದು.

ಮೈಕಿನವರು ಸಾಹೇಬರ ಮುಖ ನೋಡಿದರು, ಕ್ಯಾಪ್ಟನ್ನನ ಮುಖ ನೋಡಿದರು, ಅಂಗಿಯಿಲ್ಲದೆ ನಿಂತವನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು. ಅಂದಿನವರೆಗೂ ಅವರ ಬಾಯಿಂದ ಕೇಳದಿದ್ದ ಸಪ್ಪೆ ಧ್ವನಿಯಲ್ಲಿ, ಶಾಲೆಯ ಹಾಜರಿ ಕೂಗುವವರಂತೆ, ಅವನ ಹೆಸರು ಹೇಳಿ, "ಊರು ಜೇನಕೊಪ್ಪ, ತಾಲೂಕು ಹಳಿಯಾಳ" ಎಂದರು.

ಆಮೇಲೆ ಮರದ ಮೇಲಿಂದ ಯಾರೋ ಭಾರೀ ನಿರಾಸೆಯಿಂದ ಅಂದ: "ಏ, ಇಂವ ಹಳಿಯಾಳದಾಂವಂತಲೇ! ನಮ್ಮತ್ತಿನ ಅಲ್ಲೇ ಕೊಟ್ಟಾರ."

ಇಡೀ ಮೈದಾನ ನಕ್ಕಿತು. ಹಿಂದಿನ ನಗುವಿನ ಹಾಗಿರಲಿಲ್ಲ ಅದು. ಒಂಬತ್ತು ನಂಬರಿನವನೂ ನಕ್ಕ, ಅಂಗಿ ತೊಟ್ಟುಕೊಂಡು ಒಂದು ಹೆಜ್ಜೆ ಮುಂದೆ ಬಂದು ಜನಕ್ಕೆ ಕೈ ಮುಗಿದ.

ಗೆದ್ದೆವೆಂದು ಬರೆದರೆ ಚೆನ್ನಾಗಿರುತ್ತಿತ್ತು. ಸೋತೆವು. ಅವನು ಹೊಡೆದ ಒಂದು ಗೋಲಿನ ಹೊರತು ನಮ್ಮವರು ಏನೂ ಕಡಿದು ಹಾಕಲಿಲ್ಲ. ಸಿಪ್ಪೆ ಆ ದಿನವೂ ಬಿದ್ದವು, ಕಡಿಮೆ ಬಿದ್ದವು ಅಷ್ಟೇ. ವಾಪಸು ಬರುವಾಗ ಟೆಂಪೋದಲ್ಲಿ ತಂಡದವರು ನನ್ನ ಬೆನ್ನು ತಟ್ಟಿದರು, ಎಂಥಾ ದೊಡ್ಡ ಮನಸ್ಸು ನಿನ್ನದು, ಜಾತಿ ಬಣ್ಣ ನೋಡಲಿಲ್ಲ ಎಂದರು. ನಾನು ಸುಮ್ಮನೆ ತಟ್ಟಿಸಿಕೊಂಡೆ. ಎದುರಿಗೆ ಕೂತಿದ್ದ ಒಂಬತ್ತು ನಂಬರಿನವ ಮಾತ್ರ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಚಿಕ್ಕೋಡಿ ದಾಟುವವರೆಗೂ ನಕ್ಕ.

ಮುಂದಿನ ಸೀಜನ್ನಿಗೆ ಅವನನ್ನು ಕರೆಯಲಿಲ್ಲ. ಜಾಗ ಇಲ್ಲ ಎಂದರು. ಅದೇ ವಾರ ಬಾಯ್ಲರ್ ಖಾತೆಗೆ ಬೇರೆಯವರನ್ನು ತೆಗೆದುಕೊಂಡದ್ದನ್ನು ನಾನೇ ನೋಡಿದೆ. ಒಂಬತ್ತು ನಂಬರಿನ ಅಂಗಿ ನನಗೆ ಮರಳಿತು. ಎರಡು ವರ್ಷ ಹಾಕಿಕೊಂಡು ಆಡಿದೆ, ಒಂದು ದಿನವೂ ಅದು ಮೈಗೆ ಹತ್ತಲಿಲ್ಲ. ಯಾರೂ ಕಸಿಯಲು ಬರದ ಅಂಗಿಯನ್ನು ಎಷ್ಟೆಂದು ಕಾಯುವುದು. ಆಮೇಲೆ ಮೊಣಕಾಲಿನ ನೆಪ ಹೇಳಿ ಆಟ ಬಿಟ್ಟೆ.

ಅವನು ಊರಿಗೆ ಹೋಗಿ ಕಟ್ಟಿಗೆ ಡಿಪೋದಲ್ಲಿ ಕೂಲಿಗೆ ನಿಂತ. ನೋಡಿಟ್ಟಿದ್ದ ಹೆಣ್ಣು ಪರ್ಮನೆಂಟ್ ಗಿರ್ಮನೆಂಟ್ ಕೇಳದೆ ಅವನನ್ನು ಮದುವೆಯಾದಳಂತೆ. ಕೇಳಿ ಅದಕ್ಕೂ ಹೊಟ್ಟೆ ಉರಿಯಿತು, ನನಗಿನ್ನೂ ಹೆಣ್ಣು ಸಿಕ್ಕಿರಲಿಲ್ಲ. ವರ್ಷಕ್ಕೊಮ್ಮೆ ಯಾರದೋ ಲಾರಿಯಲ್ಲಿ ನಮ್ಮವ್ವನಿಗೆ ಜೇನುತುಪ್ಪ ಕಳಿಸುತ್ತಿದ್ದ. ಜೈನರು ಜೇನು ತಿನ್ನುವುದಿಲ್ಲ, ಅವನಿಗೆ ಅದು ತಿಳಿಯದು. ಅವ್ವ ಅದನ್ನು ಯಾರಿಗೂ ಕೊಡದೆ, ತಾನೂ ತಿನ್ನದೆ, ದೇವರ ಮಾಡದ ಕೆಳಗೆ ಸಾಲಾಗಿ ಇಟ್ಟುಕೊಂಡಿದ್ದಳು. ನಾನು ತಂದುಕೊಟ್ಟ ಸೀರೆಗಳನ್ನು ಅವಳು ಹಾಗೆ ಜೋಪಾನ ಮಾಡಿದ್ದು ಕಾಣೆ.

ತೊಂಬತ್ತರ ದಶಕದ ನಡುವೆ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಲಾರಿಯ ಡ್ರೈವರ್ ಜೇನಿಲ್ಲದೆ ಬಂದ. ಕಾಮಣಿ ಆಗಿ ಮೈಯೆಲ್ಲ ಹಳದಿಯಾಗಿತ್ತಂತೆ, ಗಿಡಮೂಲಿಕೆ ಕೊಟ್ಟರಂತೆ, ಹುಬ್ಬಳ್ಳಿಗೆ ಒಯ್ಯುವುದರೊಳಗೆ ಹೋದನಂತೆ. ಅವ್ವ ಆ ದಿನ ಊಟ ಮಾಡಲಿಲ್ಲ. "ಹೋಗಿ ಬಾ" ಎಂದಳು. ಹೋದೆ.

ಜೇನಕೊಪ್ಪವನ್ನು ನಾನು ನೋಡಿದ್ದು ಅದೇ ಮೊದಲು. ಅವನ ಅಂಗಳದಲ್ಲಿ ಹುಡುಗರು ಹುಡುಗಿಯರು ತುಂಬಿ ನಿಂತಿದ್ದರು. ಭತ್ತ ಕೊಯ್ದ ಗದ್ದೆಯಲ್ಲಿ ಸಂಜೆ ಸಂಜೆ ಅವರಿಗೆಲ್ಲ ಅವನು ಆಟ ಕಲಿಸುತ್ತಿದ್ದನಂತೆ. ಮನೆಯ ಬಾಗಿಲನ್ನು ನೋಡುತ್ತ ನಿಂತಿದ್ದರು. ನಾನು ಸತ್ತರೆ ನನ್ನ ಅಂಗಳದಲ್ಲಿ ಇದರ ಅರ್ಧ ಮಕ್ಕಳೂ ನಿಲ್ಲುವುದಿಲ್ಲ ಎಂಬ ವಿಚಾರ ಬಂತು. ಅಂಥ ಹೊತ್ತಿನಲ್ಲೂ ಬಂತು, ನನ್ನ ಸ್ವಭಾವವೇ ಹಾಗೆ.

ಅವನ ಹೆಂಡತಿ ಒಳಗಿನಿಂದ ಬಂದಳು. ನಾನು ಯಾರೆಂದು ಹೇಳುವ ಮೊದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಶಿರಗುಪ್ಪಿಯವ್ರಲ್ರಿ? ಆ ಹೊಟ್ಟಿಕಿಚ್ಚಿನ ಅಣ್ಣಾರು?"

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವಳು ಚಾಪೆ ಹಾಸಿ ಕೂರಿಸಿ, ತಾನು ಗೋಡೆಗೆ ಒರಗಿ ಕೂತಳು.

"ನಮ್ಮನಿಯವ್ರು ಭಾಳ ಹೇಳ್ತಿದ್ರು ನಿಮ್ಮ ಸುದ್ದಿ. ಆ ಕಡಿ ಮಂದ್ಯಾಗ ಕೆಲವ್ರು ನನ್ನ ನೋಡಿ ನಕ್ರು, ಕೆಲವ್ರು ಅಯ್ಯೋ ಪಾಪ ಅಂದ್ರು, ಕೆಲವ್ರು ಹುಲಿ ಅಂದ್ರು. ಹೊಟ್ಟಿಕಿಚ್ಚ ಪಟ್ಟಾಂವ ಅಣ್ಣಾ ಒಬ್ಬನ, ಅಂತಿದ್ರು. ಹೊಟ್ಟಿಕಿಚ್ಚು ಸರೀಕರ ಮ್ಯಾಲ ಅಲ್ದ ಮತ್ಯಾರ ಮ್ಯಾಲ ಬರ್ತೈತಿ? ಅಷ್ಟ ಮಂದ್ಯಾಗ ನನಗ ಒಬ್ಬ ಸರೀಕ ಇದ್ದ ನೋಡು, ಅಂತಿದ್ರು."

ಸರೀಕ ಎಂದರೆ ಸರಿಸಮ ನಿಲ್ಲುವವನು. ಯಾರ ಮುಂದೆ ಸೋಲಬಾರದು, ಯಾರ ಮುಂದೆ ತಲೆ ತಗ್ಗಬಾರದು ಎಂದು ನಮ್ಮ ಜನ ಹಟ ಹಿಡಿದು ಬದುಕುತ್ತಾರೋ ಅವನು. ನಾನು ಅವನಿಗೆ ಒಳ್ಳೆಯದನ್ನು ಬಯಸಿದವನಲ್ಲ. ಒಂದು ದಿನವೂ ಅವನ ಆಟವನ್ನು ಮನಸಾರೆ ಹೊಗಳಿದವನಲ್ಲ. ಅವನು ನನ್ನಿಂದ ಪಡೆದದ್ದು ಆ ಉರಿ ಒಂದನ್ನೇ. ಅದನ್ನೇ ಅವನು ಇಷ್ಟು ವರ್ಷ ಮನೆಯಲ್ಲಿ ಹೆಂಡತಿಯ ಮುಂದೆ, ಮಕ್ಕಳ ಮುಂದೆ ಹೇಳಿಕೊಂಡು ಬದುಕಿದ್ದ. ಅವಳು ಚಹಾ ತಂದಿಟ್ಟಳು. ಹೊರಗೆ ಮಕ್ಕಳು ಇನ್ನೂ ನಿಂತೇ ಇದ್ದರು. ಅವಳ ಎದುರು ಅಳಬಾರದೆಂದು ಚಹಾವನ್ನು ಬಿಸಿಬಿಸಿಯಾಗಿಯೇ ಕುಡಿದೆ, ನಾಲಿಗೆ ಸುಟ್ಟಿತು. ಅವನು ಹೋದ ಮೇಲೆ ನಾನು ಯಾರ ಮೇಲೂ ಅಷ್ಟು ಹೊಟ್ಟೆಕಿಚ್ಚು ಪಟ್ಟಿಲ್ಲ.